ಕಟಕೋಳ ಸೀಮೆಯ ಅಂಗಳ-ಹಿತ್ತಲ ಮೀಮಾಂಸೆ

ಮನೆಯ ಮುಂದಿರುವ ಹಿತ್ತಲೇ ಅಂಗಳ. ಮನೆಯ ಹಿಂದಿರುವ ಅಂಗಳವೇ ಹಿತ್ತಲು. ಈ ಲಕ್ಷಣಗಳಲ್ಲಿ ಅನ್ಯೋನ್ಯಾಶ್ರಯ ದೋಷವಿದೆ ಎಂದು ತಾರ್ಕಿಕರು ತಕರಾರು ತೆಗೆಯಬಹುದು. ಅವರು ಒಮ್ಮೆ ರಾಮದುರ್ಗ ತಾಲ್ಲೂಕಿನ ಕಟಕೋಳಕ್ಕೆ ಬಂದು ಎಮ್ಮೆ ಎಲ್ಲಿ ಕಟ್ಟಿದೆ ಎಂದು ನೋಡಿದರೆ, ಯಾವುದು ಯಾವುದೆಂದು ಎಮ್ಮೆಯೇ ಹೇಳುತ್ತದೆ. ದಸರೆಯಿಂದ ಹೋಳಿ ಹುಣ್ಣಿಮೆಯವರೆಗೆ, ಅಂದರೆ ಶರತ್, ಹೇಮಂತ, ಶಿಶಿರಗಳಲ್ಲಿ, ಈ ಜಾಗಗಳ ಆರೈಕೆಯನ್ನು ಯಾರು ಮಾಡುತ್ತಾರೆ ಎಂಬುದು ಈ ಪ್ರಬಂಧದ ವ್ಯಾಪ್ತಿ. ಮಿತಿಯೂ ಒಂದಿದೆ: ಸಂಶೋಧಕನು ಅಧ್ಯಯನದ ಉದ್ದಕ್ಕೂ ಕಟ್ಟೆಯಿಂದ ಕೆಳಗಿಳಿದಿಲ್ಲ.

ಮೊದಲಿಗೆ ಪೂರ್ವಪಕ್ಷ. ಅಮೆರಿಕದಲ್ಲಿ ಮನೆ ಕೊಂಡ ನಮ್ಮ ಕಡೆಯ ಹುಡುಗರ ಮತದಂತೆ, ಅಕ್ಟೋಬರ್ ಬಂತೆಂದರೆ ಎಲೆ ಉದುರುತ್ತವೆ. ಯಜಮಾನನು ಸೂಟಿಯ ದಿನ ಎದ್ದು, ತಾನೇ ಅವನ್ನು ಗುಡ್ಡೆ ಹಾಕಿ ಚೀಲಕ್ಕೆ ತುಂಬಬೇಕು. ಯಾವ ದನವೂ ಬಾಯಿ ಹಾಕದ ಹುಲ್ಲಿಗೆ ದುಡ್ಡು ಕೊಟ್ಟು ಗೊಬ್ಬರ ತಂದು ಹಾಕಬೇಕು. ಹಿಮ ಬಿದ್ದರೆ ಸಲಿಕೆ ಹಿಡಿದು ಬಾಗಿಲ ಮುಂದಿನ ದಾರಿ ತೆರವು ಮಾಡಬೇಕು.

ಈ ಮತಕ್ಕೆ ಮೊದಲು ತಗಲುವುದು ಕಾಲದೋಷ. ದಸರೆಯ ಹೊತ್ತಿಗೆ ನಮ್ಮ ಹಿತ್ತಲಿನಲ್ಲಿ ಹೀರೆ, ಅವರೆ ಬಳ್ಳಿಗಳು ಬೇಲಿ ಹತ್ತಿ ಪಕ್ಕದ ಮನೆಯವರ ಕಡೆಗೇ ಕಾಯಿ ಬಿಡುತ್ತಿರುತ್ತವೆ, ಚೆಂಡುಹೂವು ಅರಳಿರುತ್ತದೆ. ಬೇವಿನ ಮರ ಬೋಳಾಗುವುದು ಮಾಘ-ಫಾಲ್ಗುಣದಲ್ಲಿ, ಯುಗಾದಿಯೊಳಗೆ ಚಿಗುರಬೇಕೆಂಬ ಅವಸರದಲ್ಲಿ. ಹುಡುಗರ ಮಾತು ಕೇಳಿ ಅಕ್ಟೋಬರಿನಲ್ಲೇ ಅಂಗಳಕ್ಕಿಳಿದ ಯಜಮಾನನು ಎಲೆ ಬೀಳಲೆಂದು ನಾಲ್ಕು ತಿಂಗಳು ನಿಂತೇ ಇರಬೇಕಾಗುತ್ತದೆ.

ಎಲೆ ತಾನಾಗಿ ಬೀಳದಿದ್ದರೆ ಜನರೇ ಕಿತ್ತು ತರುತ್ತಾರೆ ಎಂಬುದು ಬೇರೆ ಮಾತು. ವಿಜಯದಶಮಿಯ ಸಂಜೆ ಬನ್ನಿಯನ್ನು ಬಂಗಾರವೆಂದು ಮನೆಮನೆಗೆ ಕೊಟ್ಟು ಬರುವ ರೂಢಿಯನ್ನು ಇಲ್ಲಿ ಲೆಕ್ಕಶಾಸ್ತ್ರದಿಂದ ಪರಿಶೀಲಿಸಲಾಗಿದೆ. ಒಬ್ಬನು ಐವತ್ತು ಮನೆಗಳಿಗೆ ಎಲೆ ಕೊಟ್ಟು, ಅದೇ ಐವತ್ತು ಮನೆಯವರಿಂದ ಎಲೆ ಪಡೆದರೆ ಉಳಿತಾಯ ಸೊನ್ನೆ, ಕಸ ಮಾತ್ರ ಎರಡೂ ಕಡೆ. ಹಿಂದಿನ ಸಂಜೆ ಬಂಗಾರವಾಗಿದ್ದದ್ದನ್ನು ಮರುದಿನ ನಸುಕಿಗೆ ಗುಡಿಸಿ ತಿಪ್ಪೆಗೆ ಚೆಲ್ಲುತ್ತಾರೆ. ಹಣದುಬ್ಬರದ ಇಷ್ಟು ಸ್ವಚ್ಛವಾದ ನಿದರ್ಶನ ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಸಿಕ್ಕುವುದು ಕಷ್ಟ.

ಎರಡನೆಯದು ಕರ್ತೃದೋಷ, ಪ್ರಬಂಧದ ಸಿದ್ಧಾಂತ ಇರುವುದೂ ಇಲ್ಲೇ. ಅಂಗಳದ ಆರೈಕೆಯೆಂದರೆ ಯಜಮಾನನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಮಾಡುವ ಕೆಲಸ. ಗಾಳಿಯನ್ನೇ ತೆಗೆದುಕೊಳ್ಳಿ. ಅಮೆರಿಕದವರು ಎಲೆ ಊದಲು ಯಂತ್ರ ಇಟ್ಟಿದ್ದಾರೆ. ಅದರ ಸದ್ದು-ಹೊಗೆ ತಾಳದೆ ಕ್ಯಾಲಿಫೋರ್ನಿಯ ರಾಜ್ಯವು ಪೆಟ್ರೋಲಿನಿಂದ ನಡೆಯುವ ಹೊಸ ಯಂತ್ರಗಳ ಮಾರಾಟವನ್ನು 2024ರಿಂದ ನಿಲ್ಲಿಸಬೇಕಾಯಿತು. ನಮ್ಮಲ್ಲಿ ಈ ಕೆಲಸ ಮೂಡಗಾಳಿಯದು. ಛಳಿಗಾಲದಲ್ಲಿ ಅದು ಮೂಡಣ ಮನೆಯ ಕಸವನ್ನು ಪಡುವಣ ಮನೆಯ ಅಂಗಳಕ್ಕೆ ಮುಟ್ಟಿಸುತ್ತದೆ. ಪಡುವಣ ಮನೆಯವರು ಬೈಯುತ್ತಾರೆ, ಆದರೆ ಬಹಳ ಬೈಯುವುದಿಲ್ಲ. ಆಷಾಢದಲ್ಲಿ ಪಡುವಣ ಗಾಳಿ ಎದ್ದು ಲೆಕ್ಕ ಚುಕ್ತಾ ಮಾಡುತ್ತದೆಂದು ಅವರಿಗೆ ಗೊತ್ತು. ಬಡ್ಡಿಯಿಲ್ಲದೆ ನಡೆಯುವ ಸಾಲ ಈ ಸೀಮೆಯಲ್ಲಿ ಇದೊಂದೇ.

ಇನ್ನು ಕಳೆ. ಶರದೃತುವಿನಲ್ಲಿ ಪರದೇಶಿ ಕಳೆಯನ್ನು ಕೀಳುವ ಬಗ್ಗೆ ಈ ಸೀಮೆಯಲ್ಲಿ ಇತಿಹಾಸದ ಆಧಾರವೇ ಇದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ರಾಣಿ ಚೆನ್ನಮ್ಮನವರ ಸೈನ್ಯ ಇಂಗ್ಲಿಷರ ದಂಡನ್ನು ಮುರಿಯಿತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಅಲ್ಲೇ ಸತ್ತ. ಬೇರು ಮಾತ್ರ ನೆಲದಲ್ಲೇ ಉಳಿದಿತ್ತು. ಡಿಸೆಂಬರಿನಲ್ಲಿ ಕಳೆ ಇನ್ನೂ ದೊಡ್ಡದಾಗಿ ಎದ್ದು ಬಂದು ಕೋಟೆಯನ್ನೇ ಮುಚ್ಚಿತು; ರಾಣಿಯವರು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡರು. ಕಳೆಯನ್ನು ಮೇಲೆ ಕಿತ್ತರೆ ಸಾಲದು, ಹೂವಾಗುವ ಮುಂಚೆ ಬೇರುಸಹಿತ ಕೀಳಬೇಕೆಂದು ಕೃಷಿ ಇಲಾಖೆಯವರು ಈಗ ಹೇಳುತ್ತಿರುವುದೂ ಅದನ್ನೇ.

ಅವರು ಹೇಳುತ್ತಿರುವುದು ಕಾಂಗ್ರೆಸ್ ಕಸದ ಬಗ್ಗೆ. ನಮ್ಮ ದೇಶದಲ್ಲಿ ಅದು ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು 1955ರಲ್ಲಿ, ಪುಣೆಯಲ್ಲಿ. ಅಲ್ಲಿಂದ ಕಟಕೋಳದ ಹಿತ್ತಲಿಗೆ ಅದು ಯಾವ ಬಸ್ಸು ಹಿಡಿದು ಬಂತೋ, ಟಿಕೇಟು ತೆಗೆಸಿದ ದಾಖಲೆಯಿಲ್ಲ. ಅದನ್ನು ತಿನ್ನಿಸಲೆಂದು ಮೆಕ್ಸಿಕೋದ ದುಂಬಿಯೊಂದನ್ನು ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ದುಂಬಿ ಒಳ್ಳೆಯದೇ. ಮಳೆಗಾಲದಲ್ಲಿ ಮನಸಾರೆ ತಿನ್ನುತ್ತದೆ. ಛಳಿ ಬಿದ್ದೊಡನೆ ಮಣ್ಣಿನೊಳಗೆ ಹೊಕ್ಕು ಮುಂದಿನ ಮಳೆಯವರೆಗೆ ಮಲಗಿಬಿಡುತ್ತದೆ. ನಮ್ಮ ಅಧ್ಯಯನದ ಅವಧಿಯಲ್ಲಿ ಅದರ ನಡವಳಿಕೆ ಯಜಮಾನನದಕ್ಕಿಂತ ಭಿನ್ನವಾಗಿಲ್ಲ. ಕೊನೆಗೆ ಕುರ್ಚಿಗಿ ಹಿಡಿದು ಕೂಡುವವಳು ಮನೆಯಾಕೆ.

ಎಲ್ಲ ಕಳೆಯೂ ವೈರಿಯಲ್ಲ ಎಂಬ ಪಂಥವೂ ಇದೆ. ಉತ್ತರಾಣಿ ವರ್ಷವಿಡೀ ಸೀರೆಯಂಚಿಗೆ, ಧೋತರಕ್ಕೆ ಅಂಟಿಕೊಂಡು ಬೈಸಿಕೊಳ್ಳುವ ಗಿಡ. ದೀಪಾವಳಿಯ ಪಾಡ್ಯದ ದಿನ ಅದಕ್ಕೆ ಬೆಲೆ ಬರುತ್ತದೆ. ಹೆಂಡಿಯಿಂದ ಪಾಂಡವರನ್ನು ಮಾಡಿ ಬಾಗಿಲಲ್ಲಿ ಕೂಡಿಸಿ, ತಲೆಗೆ ಉತ್ತರಾಣಿ ಕಡ್ಡಿ, ಚೆಂಡುಹೂವು ಸಿಕ್ಕಿಸಬೇಕು. ಊರಿನ ಹುಡುಗರೆಲ್ಲ ಅಂದು ಹಿತ್ತಲು ಹಿತ್ತಲು ತಿರುಗಿ ಅದನ್ನು ಕೀಳುತ್ತಾರೆ. ಗ್ರಾಮ ಪಂಚಾಯಿತಿ ಡಂಗುರ ಹೊಡೆಸಿದ್ದರೆ ಒಬ್ಬನೂ ಬರುತ್ತಿರಲಿಲ್ಲ. ಧರ್ಮರಾಯ, ಭೀಮರು ಆಮೇಲೆ ಮಾಳಿಗೆ ಹತ್ತಿ ಒಣಗುತ್ತಾರೆ.

ಶಿಶಿರದಲ್ಲಿ ಬಿಳಿಜೋಳದ ಸುಗ್ಗಿ. ಹಿತ್ತಲಿನಲ್ಲಿ ಕಣಕಿಯ ಬಣವೆ ಏಳುತ್ತದೆ. ಇದು ವಾಸ್ತುಶಿಲ್ಪದ ವಿಷಯವಾದ್ದರಿಂದ ಸ್ವಲ್ಪ ನಿಲ್ಲಬೇಕು. ಕಲ್ಲು, ಜಾಲಿಕಟ್ಟಿಗೆ ಹಾಕಿ ಗೆದ್ದಲು ಏರದಂತೆ ಮಾಡಿದ ಪೀಠವೇ ಅಧಿಷ್ಠಾನ. ತೆನೆಯ ತುದಿ ಒಳಗೆ, ಬುಡ ಹೊರಗೆ ಬರುವಂತೆ ಒಟ್ಟಿದ್ದು ಭಿತ್ತಿ. ಮಳೆನೀರು ಜಾರಲೆಂದು ಇಳಿಜಾರು ಮಾಡಿದ್ದು ಶಿಖರ. ಈ ಸೀಮೆಯಲ್ಲೇ ಹರಿಯುವ ಮಲಪ್ರಭಾ ನದಿಯ ದಂಡೆಯ ಪಟ್ಟದಕಲ್ಲಿನಲ್ಲಿ ನಾಗರ ಶಿಖರವೂ ದ್ರಾವಿಡ ಶಿಖರವೂ ಅಕ್ಕಪಕ್ಕ ನಿಂತಿರುವಂತೆ, ಇಲ್ಲೂ ದುಂಡು ಬಣವೆ, ಉದ್ದ ಬಣವೆಗಳು ಒಂದೇ ಓಣಿಯಲ್ಲಿ ಕಾಣುತ್ತವೆ. ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಬಣವೆಗೆ ಆ ಭಾಗ್ಯ ಬಂದಿಲ್ಲ. ಅರ್ಜಿ ಹೋಗಿ ತಜ್ಞರು ಬರುವಷ್ಟರಲ್ಲಿ ಎಮ್ಮೆಯು ಶಿಖರದಿಂದ ಅಧಿಷ್ಠಾನದವರೆಗೆ ಸ್ಮಾರಕವನ್ನು ತಿಂದು ಮುಗಿಸಿರುತ್ತದೆ.

ಎರಿಮಣ್ಣಿನಲ್ಲಿ ಹುಲ್ಲುಹಾಸು ಬೆಳೆಸುವ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಮುಗಿಸಬಹುದು: ಹೇಮಂತದಲ್ಲಿ ನೆಲ ಬಿರುಕು ಬಿಟ್ಟಾಗ ಹುಲ್ಲಷ್ಟೇ ಅಲ್ಲ, ಅದನ್ನು ಕತ್ತರಿಸುವ ಕತ್ತರಿಯೂ ಒಳಗೆ ಹೋಗುತ್ತದೆ.

ಕ್ಷೇತ್ರಕಾರ್ಯದ ಅಂಗವಾಗಿ ಹಿರಿಯ ವಕ್ತೃವೊಬ್ಬರನ್ನು ಸಂದರ್ಶಿಸಲಾಯಿತು. ನಸುಕಿಗೆ ಎದ್ದು ಕಸ ಹೊಡೆದು, ಥಳಿ ಹಾಕಿ, ರಂಗೋಲಿ ಬಿಡಿಸುವ ಈ ಕ್ರಿಯೆಯ ಸೈದ್ಧಾಂತಿಕ ಹಿನ್ನೆಲೆ ಏನೆಂದು ಕೇಳಿದಾಗ ಅವರು ಕೊಟ್ಟ ಉತ್ತರವನ್ನು ಇದ್ದಂತೆಯೇ ಇಲ್ಲಿ ಕೊಟ್ಟಿದೆ: “ಕಾಲ ಎತ್ತೋ ತಮ್ಮಾ, ಕಟ್ಟಿ ಕೆಳಗ ಕಸಾ ಉಳದೈತಿ.” ಸಂಶೋಧಕನು ಕಾಲೆತ್ತಿದನು. ಅಧ್ಯಯನಕ್ಕೆ ಸಂಬಂಧಪಟ್ಟಂತೆ ಅವನು ಮಾಡಿದ ದೈಹಿಕ ಶ್ರಮ ಅದೊಂದೇ.

ಇಡೀ ಋತುಚಕ್ರದಲ್ಲಿ ಹಿತ್ತಲನ್ನು ನಿಜವಾಗಿ ತೆರವು ಮಾಡುವವರು ಕಾಮಣ್ಣನ ಹುಡುಗರು. ಹೋಳಿ ಹುಣ್ಣಿಮೆ ಹತ್ತಿರವಾದಂತೆ ಅವರು ರಾತ್ರಿ ಬಂದು ಕುಳ್ಳು, ಮುರಿದ ನೊಗ, ಸವೆದ ಬಾಗಿಲು, ಬೇಲಿಯ ಮುಳ್ಳುಕಂಟಿ ಎಲ್ಲವನ್ನೂ ಹೊತ್ತೊಯ್ದು ಕಾಮನನ್ನು ಸುಡುತ್ತಾರೆ. ಅಮೆರಿಕದಲ್ಲಿ ಈ ಸೇವೆಗೆ ಲಾರಿ ಕರೆಸಿ ಬಾಡಿಗೆ ಕೊಡಬೇಕಂತೆ. ಇಲ್ಲಿ ಬಿಟ್ಟಿ, ಆದರೆ ಬೇಕಾದದ್ದು, ಬೇಡವಾದದ್ದು ಎಂಬ ಭೇದವನ್ನು ಹುಡುಗರು ಮಾಡುವುದಿಲ್ಲ. ಆದ್ದರಿಂದ ಕಟಕೋಳ ಹಾಗೂ ಸುತ್ತಲಿನ ಹಳ್ಳಿಗಳ ಸಮಸ್ತ ಯಜಮಾನರಲ್ಲಿ ಪ್ರಬಂಧಕಾರನ ವಿನಂತಿ: ವರ್ಷವಿಡೀ ಏನೂ ಮಾಡದಿದ್ದರೂ ಅಡ್ಡಿಯಿಲ್ಲ, ಹುಣ್ಣಿಮೆಯ ಹಿಂದಿನ ರಾತ್ರಿಯಾದರೂ ಹಿತ್ತಲಿನಲ್ಲಿ ಹೊರಸು ಹಾಕಿ ಮಲಗಿರಿ. ಹೊರಸಿನ ಕಾಲಿಗೊಂದು ಸರಪಳಿ ಕಟ್ಟಿಕೊಳ್ಳುವುದನ್ನು ಮರೆಯಬೇಡಿ.