ಹೊಸ ಸ್ಟಾಫ್ ನರ್ಸ್: ವಾರ್ಡಿನವರಿಗೆ ಬಳಕೆಯ ಕೈಪಿಡಿ

ಇನ್‌ಚಾರ್ಜ್ ಸಿಸ್ಟರ್ ಗಮನಕ್ಕೆ: ನೀವು ಕೇಳಿದ್ದು ಮೂವರು ಅನುಭವಸ್ಥರನ್ನು. ಬಂದಿರುವುದು ಒಬ್ಬಳು ಹೊಸಬಳು. ವಾಪಸ್ ಕಳಿಸುವ ಸೌಲಭ್ಯವಿಲ್ಲ. ಬಳಸುವ ಮೊದಲು ಓದಿ.

1. ಪೆಟ್ಟಿಗೆಯಲ್ಲಿ ಏನಿದೆ?
ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್, ರಾಜ್ಯ ನರ್ಸಿಂಗ್ ಕೌನ್ಸಿಲಿನ ನೋಂದಣಿ, ದೀಪ ಹಿಡಿದು ಮಾಡಿದ ಪ್ರತಿಜ್ಞೆ, ಸೆಕೆಂಡಿನ ಮುಳ್ಳಿರುವ ವಾಚು. ಕಾಲೇಜಿನಲ್ಲಿ ಒಬ್ಬ ರೋಗಿಗೆ ಹತ್ತು ಪುಟದ ಕೇರ್ ಪ್ಲಾನ್ ಬರೆದು ಅಭ್ಯಾಸ. ಇಲ್ಲಿ ಹತ್ತು ರೋಗಿಗಳಿಗೆ ಒಂದು ಪುಟ ಬರೆಯಲೂ ಪುರುಸೊತ್ತಿಲ್ಲ ಎಂಬುದು ಈಕೆಗೆ ಇನ್ನೂ ಗೊತ್ತಿಲ್ಲ.

2. ಅಳವಡಿಕೆ
ಬಂದ ವಾರವೇ ನೈಟ್ ಡ್ಯೂಟಿಗೆ ಒಬ್ಬಳನ್ನೇ ಹಾಕಬೇಡಿ. ಸೀನಿಯರ್ ಜೊತೆ ಜೋಡಿಸಿ. ಆ ಸೀನಿಯರ್ ತಲೆಯ ಮೇಲೂ ಹತ್ತು ಬೆಡ್ ಹೊರಿಸಿ, "ಇವಳಿಗೂ ಸ್ವಲ್ಪ ಹೇಳ್ಕೊಡಮ್ಮ" ಎಂದರೆ ಅದನ್ನು ಅಳವಡಿಕೆ ಎನ್ನಲಾಗದು.

3. ಗಾಬರಿಯಾಗಬೇಕಿಲ್ಲದ ಸದ್ದುಗಳು
"ಸಿಸ್ಟರ್, ಒಂದ್ಸಲ ನೋಡ್ತೀರಾ?" ಇದು ದಿನಕ್ಕೆ ಹಲವು ಬಾರಿ ಬರುತ್ತದೆ. ಉದಾಹರಣೆಗೆ, 500 ಎಂ.ಎಲ್. ಸಲೈನ್ 8 ಗಂಟೆಯಲ್ಲಿ ಹೋಗಬೇಕು, ಸೆಟ್ ಎಂ.ಎಲ್.ಗೆ 20 ಹನಿಯದು. ಅಂದರೆ ನಿಮಿಷಕ್ಕೆ ಸುಮಾರು 21 ಹನಿ. ಈಕೆ ಹದಿನೇಳರವರೆಗೆ ಎಣಿಸುವಷ್ಟರಲ್ಲಿ ಆರನೇ ಬೆಡ್ಡಿನ ಅಟೆಂಡರ್ ದಿಂಬು ಕೇಳುತ್ತಾರೆ, ಡ್ಯೂಟಿ ಡಾಕ್ಟರ್ ಫೈಲ್ ಕೇಳುತ್ತಾರೆ. ಮತ್ತೆ ಒಂದರಿಂದ ಎಣಿಕೆ.

4. ದೋಷ ಮತ್ತು ಪರಿಹಾರ
ದೋಷ: ಎರಡು ಸಲ ಚುಚ್ಚಿದರೂ ಕ್ಯಾನುಲಾ ಕೂರುತ್ತಿಲ್ಲ.
ಪರಿಹಾರ: ಮೂರನೆಯದನ್ನು ನೀವು ಹಾಕಿ, ಈಕೆ ನೋಡಲಿ. "ಕಾಲೇಜಲ್ಲಿ ಏನ್ ಕಲ್ತೆ?" ಎಂಬ ಗುಂಡಿಯನ್ನು ರೋಗಿಯ ಎದುರು ಒತ್ತಬೇಡಿ.

ದೋಷ: ಮನೆಗೆ ಹೋದವಳು ರಾತ್ರಿ ಫೋನ್ ಮಾಡಿ, "ನಾಲ್ಕನೇ ಬೆಡ್ಡಿನ ಆಂಟಿಬಯೋಟಿಕ್ ಚಾರ್ಟಲ್ಲಿ ಬರೆದಿದ್ದೀನಾ?" ಎನ್ನುತ್ತಾಳೆ.
ಪರಿಹಾರ: ನಗದೆ ನೋಡಿ ಹೇಳಿ. ಬರೆಯದ ಡೋಸನ್ನು ಮುಂದಿನ ಶಿಫ್ಟಿನವರು ಇನ್ನೊಮ್ಮೆ ಕೊಟ್ಟಾರು.

ದೋಷ: ಲಿನನ್ ರೂಮಿನಲ್ಲಿ ಅಳು.
ಪರಿಹಾರ: ಅಮೆರಿಕದ ನರ್ಸಿಂಗ್ ತಜ್ಞೆ ಮಾರ್ಲೀನ್ ಕ್ರೇಮರ್ 1974ರಲ್ಲೇ ಕಾಲೇಜಿನಿಂದ ವಾರ್ಡಿಗೆ ಬಂದವರ ಈ ಆಘಾತಕ್ಕೆ 'ರಿಯಾಲಿಟಿ ಶಾಕ್' ಎಂದು ಹೆಸರಿಟ್ಟು ಪುಸ್ತಕ ಬರೆದರು. ಹಾಗಾಗಿ "ಈಗಿನ ಹುಡುಗೀರೇ ಹಿಂಗೆ" ಎಂಬ ದೂರನ್ನು ಸ್ವೀಕರಿಸಲಾಗುವುದಿಲ್ಲ.

5. ಎಚ್ಚರಿಕೆ
ಪೊಟ್ಯಾಸಿಯಂ ಕ್ಲೋರೈಡನ್ನು ಬೆರೆಸದೆ ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯವೇ ನಿಲ್ಲಬಹುದು. ಇದು ಈಕೆಗೆ ಬಾಯಿಪಾಠ. ಆದರೆ ನಸುಕಿನ ಮೂರು ಗಂಟೆಗೆ, ಆರ್ಡರಿನ ಕೈಬರಹ ಅರ್ಥವಾಗದೆ ಆಂಪೂಲ್ ಹಿಡಿದು ನಿಂತಾಗ, ನಿನ್ನೆ ನೀವು ಗದರಿದ್ದು ನೆನಪಾದರೆ ಈಕೆ ಕೇಳುವುದಿಲ್ಲ. ಪ್ರಶ್ನೆ ಕೇಳುವುದು ಈ ಮಾದರಿಯ ಸುರಕ್ಷತಾ ವ್ಯವಸ್ಥೆ. ತಲೆನೋವೆಂದು ಅದನ್ನು ಕಿತ್ತುಹಾಕಿದವರೇ ಮುಂದಿನದಕ್ಕೆ ಹೊಣೆ.

6. ವಾರಂಟಿ
ಹೊಸಬರು ಪಳಗುವ ಐದು ಮೆಟ್ಟಿಲುಗಳನ್ನು ನರ್ಸಿಂಗ್ ತಜ್ಞೆ ಪೆಟ್ರಿಷಿಯಾ ಬೆನ್ನರ್ 1984ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. ಮೂರನೆಯದನ್ನು ಮುಟ್ಟಲು ಒಂದೇ ಬಗೆಯ ಕೆಲಸದಲ್ಲಿ ಎರಡು ಮೂರು ವರ್ಷ ಬೇಕು. ತಿಂಗಳಿಗೊಂದು ವಾರ್ಡಿಗೆ ಎತ್ತಿ ಹಾಕಿದರೆ ವಾರಂಟಿ ರದ್ದು. ಅಷ್ಟೆಲ್ಲ ಕಾಯಲಾಗದು ಎನ್ನುವವರ ಗಮನಕ್ಕೆ: ಸಂಜೆ ಏಳರ ಜರ್ಮನ್ ಭಾಷೆಯ ಕ್ಲಾಸಿಗೆ ಈಕೆ ಆಗಲೇ ಹೆಸರು ಕೊಟ್ಟಾಗಿದೆ.