ಮುಸ್ಸಂಜೆಗಣ್ಣಿನ ರಾಣಿ ಯಾರು?

"ಅಕ್ಕಾ, ಗೊತ್ತಾಯ್ತು! ಆಟದಲ್ಲಿ ನಮಗೆ ದಾರಿ ತೋರಿಸೋ ಮೆಲಿನಾನೇ ಮುಸ್ಸಂಜೆಗಣ್ಣಿನ ರಾಣಿ!"

"ಯಾವ ರಾಣಿಯೋ?"

"'ಎಲ್ಡನ್ ರಿಂಗ್' ಆಟದಲ್ಲಿ, ದೇವರ ಚರ್ಮ ಸುಲಿದು ನಿಲುವಂಗಿ ಹೊಲಿಸ್ಕೊಳ್ಳೋರ ಒಡತಿ. ಮಾಲಿಕೆತ್ ಅನ್ನೋ ಯೋಧನ ಕೈಲಿ ಸೋತವಳು."

"ಆಟದಲ್ಲಿ ಎಲ್ಲಿ ಸಿಗ್ತಾಳೆ?"

"ಸಿಗಲ್ಲ. ಕತ್ತಿ, ಬಟ್ಟೆಗಳ ವಿವರಣೆಯಲ್ಲಿ ಅಲ್ಲೊಂದು ಇಲ್ಲೊಂದು ಸಾಲು."

"ಮತ್ತೆ ಪುರಾವೆ?"

"ಆಟದ 'ಉನ್ಮಾದದ ಜ್ವಾಲೆ' ಅನ್ನೋ ಅಂತ್ಯದಲ್ಲಿ ಮೆಲಿನಾ ಮುಚ್ಚಿದ ಎಡಗಣ್ಣು ತೆರೀತಾಳೆ. ಮುಸ್ಸಂಜೆ ಬಣ್ಣ!"

"ಕಣ್ಣುಬೇನೆ ಇರಬೇಕು."

"ತಮಾಷೆ ಬೇಡ. ಅಭಿಮಾನಿಗಳ ಒಂದು ಪಂಗಡ ಅವಳು ರಾಣಿಯ ಮಗಳು ಅನ್ನುತ್ತೆ, ಇನ್ನೊಂದು ರಾಣಿಯ ಅರ್ಧ ಆತ್ಮ ಅನ್ನುತ್ತೆ."

(ದ್ವೈತ, ಅದ್ವೈತದವರು ಇಷ್ಟು ಜಗಳವಾಡಿರಲಿಕ್ಕಿಲ್ಲ.)

"2024ರಲ್ಲಿ ಹೊಸ ಭಾಗ ಬಂತಲ್ಲ, ಅದರಲ್ಲಿ ಹೇಳಲಿಲ್ವಾ?"

"ಗುಟ್ಟು ಬಿಡಲಿಲ್ಲ. ಅಷ್ಟು ಮುಚ್ಚಿಡ್ತಾರೆ ಅಂದ್ರೆ ನಾನು ಹೇಳಿದ್ದೇ ನಿಜ!"

"ನಿರ್ದೇಶಕ ಮಿಯಾಝಾಕಿನೇ ಅಲ್ಲ ಅಂದ್ರೆ?"

"ಅವರಿಗೇನು ಗೊತ್ತು? ಅವರು ಆಟ ಮಾಡಿದ್ದಷ್ಟೇ."

"ಸರಿ, ನೀನು ಆಟ ಮುಗಿಸಿದ್ಯಾ?"

"ಎಲ್ಲಿ? ಇನ್ನೂ ಶುರುವಿನಲ್ಲೇ ಎದುರಾಗೋ ಮಾರ್ಗಿಟ್ ಕೈಲೇ ಸಾಯ್ತಾ ಇದೀನಿ."