ಅಕ್ಕಿ ಹಾಕುವುದಾ?

ಶಿವರಾತ್ರಿಗೆಂದು ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಸುಮಾರು 300 ಕಿಲೋಮೀಟರ್ ನಡೆಯುವವರು ಮಂಜುನಾಥನಿಗೆ ಹರಕೆ ಹೊತ್ತವರು. ನಮ್ಮ ಗುಂಪಿನಲ್ಲಿ ಅಮ್ಮನ ಕೈಯೂಟಕ್ಕೆ ಹೊರಟವನು ನಾನೊಬ್ಬನೇ. ನಮ್ಮ ಮನೆ ಮುಂಡಾಜೆಯ ಹತ್ತಿರ, ದೇವರಿಗಿಂತ ತುಸು ಈಚೆ.

"ನಿಮ್ದೇ ವಾಸಿ ಬಿಡಿ ಸ್ವಾಮಿ, ದೇವ್ರಿಗಿಂತ ಮುಂಚೆ ಮನೆ ಸಿಕ್ತದೆ" ಎಂದು ಜೊತೆಗಿದ್ದ ಮಾಗಡಿ ಕಡೆಯ ಯಜಮಾನರು ದಾರಿಯುದ್ದಕ್ಕೂ ಹೊಟ್ಟೆಕಿಚ್ಚುಪಟ್ಟರು.

ಏಳು ದಿನ ಕಾಲು ತಕರಾರು ಮಾಡಲಿಲ್ಲ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯತೊಡಗಿದ ಮೇಲೆ ಗೊತ್ತಾಯಿತು, ಹತ್ತುವುದಕ್ಕೆ ಉಸಿರಿದ್ದರೆ ಸಾಕು, ಇಳಿಯುವುದಕ್ಕೆ ಉಗುರು ಗಟ್ಟಿ ಇರಬೇಕು. ಹೆಜ್ಜೆಗೊಮ್ಮೆ ಹೆಬ್ಬೆರಳು ಹೋಗಿ ಶೂವಿನ ಮೂತಿಗೆ ಗುದ್ದುತ್ತಿತ್ತು. ನನ್ನದು ಐದು ಸಾವಿರದ ಶೂ. ಯಜಮಾನರದು ಹವಾಯಿ ಚಪ್ಪಲಿ. ಅಣ್ಣಪ್ಪ ಸ್ವಾಮಿಯ ಗುಡಿಯ ಬಳಿ ಕೂತು ಶೂ ಬಿಚ್ಚಿದರೆ ಉಗುರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಹವಾಯಿ ಚಪ್ಪಲಿ ಆಗಲೇ ಎರಡು ತಿರುವು ಕೆಳಗಿತ್ತು.

ಘಾಟಿ ಮುಗಿದದ್ದನ್ನು ಯಾವ ಫಲಕವೂ ಹೇಳಬೇಕಾಗಿಲ್ಲ. ಬೆನ್ನಿಗೆ ಅಂಗಿ ಅಂಟಿತೋ, ಊರು ಬಂತು. ಸೆಕೆಯನ್ನು ಇಷ್ಟು ಪ್ರೀತಿಯಿಂದ ಬರಮಾಡಿಕೊಂಡದ್ದು ಅದೇ ಮೊದಲು.

ಕಕ್ಕಿಂಜೆಯಲ್ಲಿ ಅಮ್ಮನ ಫೋನು. "ಎಲ್ಲಿಗೆ ಮುಟ್ಟಿದೆ? ಅಕ್ಕಿ ಹಾಕುವುದಾ?"

ನಮ್ಮಲ್ಲಿ ಕುಚ್ಚಿಲಕ್ಕಿ. ಬೇಯುವುದಕ್ಕೆ ಗಂಟೆಯಾದರೂ ಬೇಕು. ಹಾಗಾಗಿ ಇದು ಸುಮ್ಮನೆ ಕೇಳಿದ ಪ್ರಶ್ನೆಯಲ್ಲ. "ಹಾಕು, ಇಲ್ಲೇ ಇದ್ದೇನೆ" ಅಂದುಬಿಟ್ಟೆ. ಅಂದದ್ದು ಬೈಕಿನ ಲೆಕ್ಕದಲ್ಲಿ. ಉಗುರಿನ ಲೆಕ್ಕ ಬೇರೆಯೇ ಇತ್ತು.

ಏಳು ದಿನ ಯಾರೂ ನನ್ನನ್ನು ಗುರುತು ಹಿಡಿದಿರಲಿಲ್ಲ. ಇನ್ನು ಶುರುವಾಯಿತು ಪರಿಚಯದವರ ಕಾಟ. "ಎಂತ ಮಾರಾಯ, ಬಸ್ಸು ಸಿಗಲಿಲ್ಲವಾ? ಹತ್ತು!" ಹತ್ತದಿದ್ದರೆ ಪೇಟೆಯಿಂದ ಬಂದವನಿಗೆ ಕೊಬ್ಬು, ಹತ್ತಿದರೆ ಇಷ್ಟು ದಿನ ಸವೆಸಿದ ದಾರಿಯೆಲ್ಲ ಹೊಳೆಗೆ. ಮೂರನೆಯವರಿಗೆ "ಹರಕೆ ಉಂಟು" ಎಂದು ಸುಳ್ಳು ಹೇಳಿದೆ. ಅವರು ಸ್ಕೂಟರು ಆಫ್ ಮಾಡಿ, ಸ್ಟ್ಯಾಂಡು ಹಾಕಿ, ಏನು ಕಾಯಿಲೆ, ಯಾವ ಡಾಕ್ಟ್ರು ಎಂದು ನಿಧಾನವಾಗಿ ವಿಚಾರಿಸಿಕೊಂಡರು.

ಮತ್ತೆ ಫೋನು. "ಗಂಜಿ ಬಸಿದಾಯಿತು."

ಮಜ್ಜಿಗೆ ಹಂಚುವ ಚಪ್ಪರದಲ್ಲಿ ಯಜಮಾನರು ನನಗಾಗಿ ಕಾದಿದ್ದರು. ಮನೆಗೆ ಬಂದು ಒಂದು ತುತ್ತು ಉಂಡು ಹೋಗಿ ಎಂದೆ. "ಈಗ ಕೂತ್ರೆ ಏಳಾಕಾಗಲ್ಲ ಸ್ವಾಮಿ, ನಮ್ದಿನ್ನೂ ಐತೆ" ಎಂದು ಕೈಮುಗಿದು ಟಪಟಪ ಚಪ್ಪಲಿ ಬಡಿಯುತ್ತ ಉಜಿರೆಯ ಕಡೆ ನಡೆದರು. ಹೊಟ್ಟೆಕಿಚ್ಚು ಪಡುವ ಸರದಿ ಈಗ ನನ್ನದಾಯಿತು.

ಮಣ್ಣುರಸ್ತೆ ಇಳಿದು ಮನೆ ಮುಟ್ಟಿದೆ. ಅಂಗಳದ ತುಂಬ ಅಡಿಕೆ ಒಣಹಾಕಿದ್ದರು. ನೇರ ದಾಟಿದರೆ ಇಪ್ಪತ್ತು ಹೆಜ್ಜೆಗೆ ಜಗಲಿ. ಸದ್ದಿಗೆ ಅಮ್ಮ ಸೌಟು ಹಿಡಿದೇ ಹೊರಗೆ ಬಂದಳು. ಎಂಟು ದಿನ ನಡೆದು ಬಂದ ಮಗನ ಮುಖ ನೋಡಲಿಲ್ಲ, ಕಾಲು ನೋಡಿದಳು.

"ಅಡಿಕೆ ಮೆಟ್ಟಬೇಡ. ತೋಟದ ಬದಿಯಿಂದ ಸುತ್ತಿ ಬಾ."